ಸ್ಪೀಕರ್ ಸಾಹೇಬರ ಬಾಯಿಯಾಗಿದ್ದ ಚಳಿಗಾಲ

ಹೋದ ತಿಂಗಳು ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಗೆಳೆಯ ಮನೆ ತೆಗೆದುಕೊಂಡಿದ್ದು ನಾವು ಬಹಳ ವರ್ಷಗಳ ಹಿಂದೆ ಬಾಡಿಗೆಗಿದ್ದ ಕಟ್ಟಡದಲ್ಲೇ. ಮೇಲೆ ಹೋಗುವಾಗ ಲಿಫ್ಟು ನಡುವೆ ಒಂದು ಮಹಡಿಯಲ್ಲಿ ನಿಂತು ಬಾಗಿಲು ತೆರೆಯಿತು. ಯಾರೂ ಹತ್ತಲಿಲ್ಲ. ಯಾರದೋ ಅಡುಗೆಮನೆಯಿಂದ ಒಣಮೀನು ಮತ್ತು ಕೆಂಪು ತಾಳೆ ಎಣ್ಣೆಯ ವಾಸನೆ ಮಾತ್ರ ಒಳಗೆ ಬಂತು. ರೇಷ್ಮೆ ಸೀರೆ ಉಟ್ಟು ನಿಂತಿದ್ದ ಇಬ್ಬರು ಆಂಟಿಯರು ಸೆರಗು ಮೂಗಿಗೆ ಹಿಡಿದರು. ನಾನು ಹುಬ್ಬಳ್ಳಿಯ ಲಿಂಗಾಯತ. ಮೊಟ್ಟೆ ಬೇಯಿಸಿದ ಪಾತ್ರೆಯನ್ನು ಮನೆಯೊಳಗೆ ಬಿಟ್ಟುಕೊಳ್ಳದ ಅವ್ವನ ಕೈಯಲ್ಲಿ ಬೆಳೆದವನು. ಆದರೂ ಆ ವಾಸನೆಯನ್ನು ಉಸಿರು ತುಂಬ ಎಳೆದುಕೊಂಡೆ. ಮೇಲೆ ಹೋಗಿ ಪೂಜೆಗೆ ಕೂತೆ, ಪ್ರಸಾದ ತಿಂದೆ, ನಾಲ್ಕು ಜನರೊಡನೆ ಮಾತನಾಡಿದೆ. ಮನಸ್ಸು ಮಾತ್ರ ಆ ಕೆಳಗಿನ ಮಹಡಿಯಲ್ಲೇ ಇತ್ತು.

ನಾವು ಅಲ್ಲಿದ್ದಾಗಿನ ಮಾತು, 2008ರ ಕೊನೆ. ಸೆಪ್ಟೆಂಬರಿನಲ್ಲಿ ದೊಡ್ಡ ದೊಡ್ಡ ಬ್ಯಾಂಕುಗಳು ಮಗುಚಿಕೊಂಡಾಗ ಮ್ಯಾನ್‌ಹಟನ್ನಿನ ನಮ್ಮ ಬ್ಯಾಂಕು ತನ್ನ ಪಾಲಿನ ಭಾರ ಇಳಿಸಿಕೊಂಡಿತು. ಆ ಭಾರದಲ್ಲಿ ನಾನೂ ಒಬ್ಬ. ಕೊರಳಿನ ಕಾರ್ಡು ಇಸಿದುಕೊಂಡು, ಒಂದು ರಟ್ಟಿನ ಡಬ್ಬ ಕೈಗೆ ಕೊಟ್ಟು, ಸೆಕ್ಯೂರಿಟಿಯವನು ಬಾಗಿಲ ತನಕ ಬಂದು ಬೀಳ್ಕೊಟ್ಟ. ಗ್ರೀನ್ ಕಾರ್ಡ್ ಬಂದಾಗಿತ್ತು, ಹೆಂಡತಿ ಶೈಲಾಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸವಿತ್ತು, ಹಾಗಾಗಿ ಬೀದಿಗೆ ಬೀಳಲಿಲ್ಲ. ಆದರೆ ಆ ವರ್ಷದ ದೀಪಾವಳಿಗೆ ಕನ್ನಡ ಕೂಟಕ್ಕೆ ಹೋದಾಗ ಜನ ನನ್ನನ್ನು ಕಂಡು ಬೇಗ ಬೇಗ ಚಿತ್ರಾನ್ನದ ಕಡೆ ಹೊರಳುತ್ತಿದ್ದರು. ಕೆಲಸ ಹೋಗುವುದು ಅಂಟುರೋಗವೇನೋ ಎಂಬ ಭಯ ಆಗ ಎಲ್ಲರಿಗೂ ಇತ್ತು. ಆಮೇಲೆ ನಾನೇ ಹೋಗುವುದನ್ನು ಬಿಟ್ಟೆ. ಬೆಳಗ್ಗೆ ಮಗಳು ಶಾಲೆಗೆ, ಹೆಂಡತಿ ಕೆಲಸಕ್ಕೆ ಹೋದ ಮೇಲೆ ಕಿಟಕಿಯ ಹತ್ತಿರ ಕೂತು ಜಾರ್ಜ್ ವಾಷಿಂಗ್ಟನ್ ಸೇತುವೆಯ ಮೇಲೆ ಕಮ್ಯೂಟ್ ಮಾಡುವವರ ಕಾರುಗಳನ್ನು ನೋಡುತ್ತಿದ್ದೆ. ಅಷ್ಟು ವರ್ಷ ಆ ಟ್ರಾಫಿಕ್ಕನ್ನು ಬೈದುಕೊಂಡವನಿಗೆ ಈಗ ಅದರಲ್ಲಿ ಸಿಕ್ಕಿಕೊಂಡವರನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತಿತ್ತು.

ಒಂದು ಸಂಜೆ ಶೈಲಾ ಬೂಟು ಕಳಚುತ್ತ ಹೇಳಿದಳು. "ಕೆಳಗಿನ ಫ್ಲೋರಿನ ಗ್ರೇಸ್ ಗೊತ್ತಲ್ರೀ, ನಮ್ಮ ಆಸ್ಪತ್ರ್ಯಾಗ ನರ್ಸ್ ಇದ್ದಾಳಲ್ಲ. ಅವರಪ್ಪಗ ವಾರದಾಗ ಮೂರು ದಿನ ಡಯಾಲಿಸಿಸ್ ಅಂತ. ಕರಕೊಂಡು ಹೋಗಾಕ ಯಾರೂ ಇಲ್ಲ. ನೀವು ಹೆಂಗೂ ಮನ್ಯಾಗ ಇರ್ತೀರಿ, ನಾ ಹ್ಞೂಂ ಅಂದು ಬಂದೀನಿ."

"ನನ್ನ ಒಂದು ಮಾತು ಕೇಳಬೇಕಿತ್ತು" ಎಂದೆ.

"ಗ್ವಾಡಿ ನೋಡಿಕೋತ ಕೂಡೂದಕ್ಕಿಂತ ಅದು ಚಲೋ ಅದ" ಎಂದು ಅವಳು ಅಡುಗೆಮನೆಗೆ ಹೋದಳು. ವಾದಕ್ಕೆ ಅಲ್ಲಿಗೆ ತೆರೆ ಬಿತ್ತು.

ಮರುದಿನ ಗ್ರೇಸ್‌ಳ ಮನೆಯ ಬೆಲ್ ಒತ್ತಿದಾಗ ಆ ಒಣಮೀನಿನ ವಾಸನೆಯೇ ಮೊದಲು ಎದುರುಗೊಂಡಿದ್ದು. ಹಿಂದಿನಿಂದ ಅವರು ಬಂದರು. ಎತ್ತರದ ಆಳು, ಸ್ವಲ್ಪ ಬಾಗಿದ್ದರು. ರಕ್ತ ಶುದ್ಧಿ ಮಾಡಿಸಿಕೊಳ್ಳಲು ಹೊರಟವರು ಕೋಟು ತೊಟ್ಟು ಟೈ ಕಟ್ಟಿದ್ದರು. ಹೆಸರು ಜೋಸೆಫ್. ಪಶ್ಚಿಮ ಆಫ್ರಿಕಾದ ಒಂದು ಸಣ್ಣ ದೇಶದ ಪಾರ್ಲಿಮೆಂಟಿಗೆ ಎರಡು ಸಲ ಸ್ಪೀಕರ್ ಆಗಿದ್ದವರು. ಗ್ರೇಸ್ ಇದನ್ನು ಹೇಳಿದಾಗ ನನ್ನ ಮಗಳು ಪೂಜಾ ಇಂಟರ್‌ನೆಟ್ಟಿನಲ್ಲಿ ಹುಡುಕಿ, ಕೂದಲಿನ ಟೋಪಿ ಮತ್ತು ಕಪ್ಪು ನಿಲುವಂಗಿ ತೊಟ್ಟ ಅವರ ಫೋಟೋ ಕಂಡುಹಿಡಿದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅವರು ಸ್ಪೀಕರ್ ಸಾಹೇಬರಾದರು. ಅವರು ನನ್ನನ್ನು ಕೊನೆಯ ತನಕ ಮಿಸ್ಟರ್ ಅಂಗಡಿ ಎಂದೇ ಕರೆದರು. ನಮ್ಮ ನಡುವೆ ನಡೆದದ್ದೆಲ್ಲ ಇಂಗ್ಲಿಷಿನ ಮಾತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಾರಿನ ರೇಡಿಯೋದಲ್ಲಿ ಆಗ ಸದಾ ವಾಷಿಂಗ್ಟನ್ನಿನ ಸುದ್ದಿ. ಬ್ಯಾಂಕುಗಳಿಗೆ ದುಡ್ಡು ಕೊಡಬೇಕೋ ಬೇಡವೋ ಎಂದು ಅಲ್ಲಿ ಕಿತ್ತಾಟ. ನನಗೆ ಅದರಲ್ಲಿ ನನ್ನ ಕೆಲಸ ಕಾಣುತ್ತಿತ್ತು. ಅವರಿಗೆ ಬೇರೇನೋ ಕೇಳಿಸುತ್ತಿತ್ತು. "ಆ ಸದಸ್ಯನ ಮಾತು ಇನ್ನೂ ಮುಗಿದಿರಲಿಲ್ಲ, ಸಭಾಧ್ಯಕ್ಷ ತಡೆಯಬಾರದಿತ್ತು" ಎಂದು ಹುಬ್ಬು ಗಂಟಿಕ್ಕುತ್ತಿದ್ದರು. ನಾನು ಕೆಂಪು ದೀಪಕ್ಕೆ ಬೈದರೆ, ಒಂದು ಬೆರಳೆತ್ತಿ "ಆ ಪದ ಕಡತಕ್ಕೆ ಹೋಗುವುದಿಲ್ಲ" ಎನ್ನುತ್ತಿದ್ದರು. ಬರಬರುತ್ತ ಮಂಗಳವಾರ, ಗುರುವಾರ, ಶನಿವಾರ ಬರುವುದನ್ನು ನಾನು ಎದುರು ನೋಡತೊಡಗಿದೆ. ಇನ್ನೂ ಯಾರಿಗೋ ಬೇಕಾಗಿದ್ದೇನೆ ಅನ್ನಿಸುವ ದಿನಗಳು ಅವಷ್ಟೇ.

ಅವರ ಕತೆ ನನಗೆ ಹಾಗೆ ತುಂಡು ತುಂಡಾಗಿ, ಟ್ರಾಫಿಕ್ ಲೈಟುಗಳ ನಡುವೆ ಸಿಕ್ಕಿತು. ಸಮುದ್ರದ ದಡದ ಊರಿನ ಮಿಷನ್ ಶಾಲೆಯಲ್ಲಿ ಮೇಷ್ಟರಾಗಿದ್ದರಂತೆ. ಅದೇ ಶಾಲೆಯಲ್ಲಿ ಇನ್ನೊಬ್ಬ ಮೇಷ್ಟರು ಡೇನಿಯಲ್. ಬ್ರಿಟಿಷರು ಹೋದ ಹೊಸತರಲ್ಲಿ ಇಬ್ಬರೂ ಅಕ್ಕಪಕ್ಕದ ಕ್ಷೇತ್ರಗಳಿಂದ ಚುನಾವಣೆಗೆ ನಿಂತರು. ಇಬ್ಬರಿಗೂ ಸೇರಿ ಒಂದೇ ಸೈಕಲ್ಲು. ಒಂದು ದಿನ ಇವರ ಊರುಗಳಿಗೆ ಡೇನಿಯಲ್ ತುಳಿಯುವುದು, ಮರುದಿನ ಅವರ ಊರುಗಳಿಗೆ ಇವರು ತುಳಿಯುವುದು. "ಭಾಷಣ ಮಾತ್ರ ಎರಡೂ ಕಡೆ ಅವನದೇ. ನಾನು ಹಿಂದೆ ನಿಂತು ಸೈಕಲ್ ಕಾಯುತ್ತಿದ್ದೆ" ಎಂದು ನಕ್ಕಿದ್ದರು. ಇಬ್ಬರೂ ಗೆದ್ದರು. ಮಾತು ಬಲ್ಲ ಡೇನಿಯಲ್ ವಿರೋಧ ಪಕ್ಷದ ನಾಯಕರಾದರು. ಮಾತು ಕಡಿಮೆ, ನಿಯಮ ಜಾಸ್ತಿ ಬಲ್ಲ ಜೋಸೆಫ್ ಎರಡೂ ಪಕ್ಷದವರಿಗೆ ಒಪ್ಪಿಗೆಯಾಗಿ ಸ್ಪೀಕರ್ ಕುರ್ಚಿಯಲ್ಲಿ ಕೂತರು. ಆಮೇಲೆ ಒಂದು ಬೆಳಗ್ಗೆ ಸೈನಿಕರು ಸದನದೊಳಗೆ ಬಂದು ಎಲ್ಲರನ್ನೂ ಮನೆಗೆ ಕಳಿಸಿದರು. ಇವರು ಮತ್ತೆ ಮೇಷ್ಟರಾದರು. ವರ್ಷಗಳು ಕಳೆದ ಮೇಲೆ ಆ ಸೈನ್ಯದ ದೊಡ್ಡ ಮನುಷ್ಯನೇ ಸಮವಸ್ತ್ರ ಬಿಚ್ಚಿ, ಸೂಟು ತೊಟ್ಟು, ಚುನಾವಣೆ ನಡೆಸಿ ರಾಷ್ಟ್ರಾಧ್ಯಕ್ಷನಾದ. ಪಾರ್ಲಿಮೆಂಟು ಮತ್ತೆ ತೆರೆಯಿತು. ಸ್ಪೀಕರ್ ಮತ್ತೆ ಇವರೇ, ಎದುರುಗಡೆ ಬೆಂಚಿನಲ್ಲಿ ಮತ್ತೆ ಡೇನಿಯಲ್ಲೇ.

ವಿಚಾರಣೆಯಿಲ್ಲದೆ ಯಾರನ್ನು ಬೇಕಾದರೂ ಒಳಗೆ ಹಾಕುವ ಕಾನೂನೊಂದು ಸೈನ್ಯದ ಕಾಲದಿಂದ ಉಳಿದುಕೊಂಡು ಬಂದಿತ್ತು. ಅದನ್ನು ತೆಗೆಯಬೇಕೆಂದು ಡೇನಿಯಲ್ ಮಸೂದೆ ತಂದರು. ಆಳುವ ಪಕ್ಷದ ಕೆಲವರೂ ಈ ಕಡೆ ಬಂದರು. ಮತ ಎಣಿಸಿದಾಗ ಎರಡೂ ಕಡೆ ಸಮಸಮ. ಸ್ಪೀಕರ್ ಮತ ಹಾಕುವುದು ಇಂಥ ಹೊತ್ತಿನಲ್ಲಿ ಮಾತ್ರ. ಅದಕ್ಕೂ ಹಳೆಯ ಪದ್ಧತಿಯೊಂದು ಇದೆ. ಬದಲಾವಣೆಗೆ ಸದನದಲ್ಲಿ ಬಹುಮತ ಸಿಗದಿದ್ದಾಗ ಅದನ್ನು ಸ್ಪೀಕರ್ ತನ್ನೊಬ್ಬನ ಮತದಿಂದ ತಯಾರಿಸಬಾರದು, ಇದ್ದದ್ದು ಇದ್ದ ಹಾಗೆ ಉಳಿಯುವಂತೆ ಮತ ಹಾಕಬೇಕು. ಇವರು ಪದ್ಧತಿಯಂತೆ ನಡೆದರು. ಕಾನೂನು ಉಳಿಯಿತು. ಮಳೆಗಾಲ ಮುಗಿಯುವುದರೊಳಗೆ ಅದೇ ಕಾನೂನಿನಡಿ ಡೇನಿಯಲ್‌ರನ್ನು ಹಿಡಿದುಕೊಂಡು ಹೋದರು. ಅವರು ಜೈಲಿನಲ್ಲೇ ತೀರಿಕೊಂಡರು.

ಇದನ್ನು ಹೇಳಿದ ದಿನ ಅವರು ಡಯಾಲಿಸಿಸ್ ಸೆಂಟರಿನ ಮುಂದೆ ಕಾರಿನಿಂದ ಬೇಗ ಇಳಿಯಲಿಲ್ಲ. ನಾನು ಸಮಾಧಾನ ಮಾಡಲೆಂದು, ನಮ್ಮ ಬೆಂಗಳೂರಿನ ವಿಧಾನಸಭೆಯಲ್ಲೂ ಸ್ಪೀಕರ್ ಸಮಸಮ ಬಂದಾಗಲೇ ಮತ ಹಾಕುವುದು, ನಿಯಮದ ಪ್ರಕಾರ ನೀವು ಮಾಡಿದ್ದು ಸರಿ ಎಂದೆ. "ಹೌದು, ಎಲ್ಲರೂ ಹಾಗೇ ಹೇಳುತ್ತಾರೆ" ಎಂದು ಬಾಗಿಲು ತೆರೆದರು.

ಡೇನಿಯಲ್‌ರ ಹೆಂಡತಿ ಎಸ್ತರ್ ಇನ್ನೂ ಇದ್ದರು. ಅದೂ ಎಲ್ಲೋ ಅಲ್ಲ, ಸೇತುವೆಯಾಚೆ ಬ್ರಾಂಕ್ಸಿನಲ್ಲಿ, ಹಿರಿಮಗನ ಮನೆಯಲ್ಲಿ. ನಮ್ಮ ಕಿಟಕಿಯಿಂದ ಕಾಣುವ ಸೇತುವೆ ದಾಟಿದರೆ ಅರ್ಧ ಗಂಟೆಯೂ ಆಗದ ದಾರಿ. ಅಷ್ಟು ವರ್ಷ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅವರ ದೇಶದವರ ಮದುವೆ, ನಾಮಕರಣಗಳಲ್ಲಿ ಎಸ್ತರ್ ಬರುತ್ತಾರೆಂದರೆ ಸ್ಪೀಕರನ್ನು ಕರೆಯುವುದಿಲ್ಲ, ಸ್ಪೀಕರ್ ಬರುತ್ತಾರೆಂದರೆ ಎಸ್ತರ್‌ಗೆ ಹೇಳುವುದಿಲ್ಲ. ಇಂಥ ಲೆಕ್ಕಾಚಾರ ನಮ್ಮ ಕೂಟದಲ್ಲೂ ನಡೆಯುತ್ತದೆ, ಆದರೆ ನಮ್ಮದು ಯಾರು ಮೊದಲು ದೀಪ ಹಚ್ಚಬೇಕು ಎಂಬ ಜಗಳ. ಇವರ ನಡುವೆ ಒಂದು ಹೆಣವಿತ್ತು.

ಡಿಸೆಂಬರಿನಲ್ಲಿ ಹೃದಯದ ಡಾಕ್ಟರು ಗ್ರೇಸ್‌ಳನ್ನು ಪಕ್ಕಕ್ಕೆ ಕರೆದು ಮಾತನಾಡಿದರು. ಅವಳು ಅಪ್ಪನಿಗೆ ಹೇಳಲಿಲ್ಲ. ಅವರು ಅವಳ ಮುಖ ನೋಡಿಯೇ ತಿಳಿದುಕೊಂಡರು. ಆ ಗುರುವಾರ ಕಾರಿನಲ್ಲಿ, "ಮಿಸ್ಟರ್ ಅಂಗಡಿ, ಎಸ್ತರ್‌ಳ ಮುಂದೆ ಒಮ್ಮೆ ಕೂರದೆ ನಾನು ಸಾಯಲಾರೆ. ನೀವು ನನ್ನ ಬಾಯಿಯಾಗಬೇಕು" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ನಿಧಾನವಾಗಿ ತಿಳಿಸಿದರು. ಅವರ ಕಡೆ ತಪ್ಪೊಪ್ಪಿಕೊಳ್ಳಲು ಹೋದವನು ತಾನೇ ಬಾಯಿ ಬಿಡುವಂತಿಲ್ಲ. ರಕ್ತಸಂಬಂಧವಲ್ಲದ ಒಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಇವನು ಅವನ ಕಿವಿಯಲ್ಲಿ ಹೇಳುವುದು, ಅವನು ಗಟ್ಟಿಯಾಗಿ ನುಡಿಯುವುದು. ಆ ಕಡೆಯವರಿಗೂ ಹಾಗೇ ಒಬ್ಬ ಬಾಯಿ ಇರುತ್ತಾನೆ. ನೋವಿದ್ದ ಕಡೆ ಮಾತು ನೇರವಾಗಿ ತಾಗಬಾರದು ಅಂತ. ಒರಟು ಮಾತನ್ನು ನಯ ಮಾಡಿ ದಾಟಿಸುವುದೂ ಅವನದೇ ಕೆಲಸ. ನ್ಯೂಜೆರ್ಸಿಯಲ್ಲಿದ್ದ ಅವರ ಜನರನ್ನೆಲ್ಲ ಕೇಳಿಯಾಗಿತ್ತು. ಒಬ್ಬರೂ ಒಪ್ಪಿರಲಿಲ್ಲ.

ನನಗೆ ನಗು ಬಂತು, ಭಯವೂ ಆಯಿತು. ಮೀಟಿಂಗಿನಲ್ಲಿ ಬಾಯಿ ಬಿಡುವುದಿಲ್ಲ ಎಂದು ಪ್ರತಿವರ್ಷ ಅಪ್ರೈಸಲ್ಲಿನಲ್ಲಿ ಬರೆಸಿಕೊಂಡವನು ನಾನು. ಮನೆಯಲ್ಲಿ ಹೇಳಿದಾಗ ಪೂಜಾ "ಸೋ ಯೂ ಆರ್ ಲೈಕ್ ಹಿಸ್ ಲಾಯರ್?" ಎಂದಳು. ಶೈಲಾ ಮಾತ್ರ ನಗಲಿಲ್ಲ. "ಹೆಣ್ಣು ಕೇಳಾಕ ಹೋದಾಗ ನಮ್ಮ ಪೈಕಿನೂ ಹುಡುಗನ ಅಪ್ಪ ಮಾತಾಡ್ತಾನೇನ್ರೀ? ಸೋದರಮಾವನ ಮುಂದ ಬಿಡ್ತಾರಲ್ಲ, ಹಂಗ ಇದು. ದೊಡ್ಡವರು ಬಾಯಿಬಿಟ್ಟು ಕೇಳ್ಯಾರ, ಒಲ್ಲೆ ಅನಬ್ಯಾಡ್ರಿ" ಎಂದಳು.

ನಾನು ಒಪ್ಪಿಕೊಂಡೆ. ಅವರು ಹೇಳಿಕಳಿಸಿದ ಮಾತಿಗೆ ಬ್ರಾಂಕ್ಸಿನಿಂದ ಉತ್ತರ ಬರಲು ಜನವರಿ ಮುಗಿಯಿತು. ಆ ಸಲದ ಚಳಿ ನೆನೆದರೆ ಈಗಲೂ ಕಿವಿ ಉರಿಯುತ್ತದೆ. ಹಡ್ಸನ್ ನದಿಯ ಮೇಲೆ ಮಂಜುಗಡ್ಡೆಯ ಹಲಗೆಗಳು ತೇಲುತ್ತಿದ್ದವು. ಪೇಪರಿನಲ್ಲಿ ದಿನಾ ಇನ್ನೊಂದು ಕಂಪನಿ, ಇನ್ನಷ್ಟು ಜನ ಮನೆಗೆ. ನಾನು ಅರ್ಜಿ ಹಾಕಿದ ಕಡೆಯಿಂದ ಉತ್ತರವಿಲ್ಲ, ಅವರು ಕೇಳಿದ ಕಡೆಯಿಂದಲೂ ಉತ್ತರವಿಲ್ಲ. ಇಬ್ಬರೂ ಕಾರಿನಲ್ಲಿ ಅಭ್ಯಾಸ ಮಾಡಿದೆವು. ಮೊದಲು ನೀರು ಕೊಡುತ್ತಾರೆ, ಕುಡಿಯಬೇಕು. ಆಮೇಲೆ ಬಂದ ಕಾರಣ ಕೇಳುತ್ತಾರೆ. ಒಂದೇ ಸಲಕ್ಕೆ ಹೇಳಬಾರದು, ದಾರಿ ಚೆನ್ನಾಗಿತ್ತು ಎನ್ನಬೇಕು. ಅದೆಲ್ಲ ಆದ ಮೇಲೆ ಬಾಟಲಿ ಮುಂದಿಡಬೇಕು. ಅದನ್ನು ಅವರು ತೆಗೆದುಕೊಂಡರೆ ಕ್ಷಮಿಸಿದ ಹಾಗೆ.

"ಮದ್ಯದ ಬಾಟಲಿಯೇ?" ಎಂದೆ.

"ಜಿನ್. ನೆಲಕ್ಕೆ ನಾಲ್ಕು ಹನಿ ಸುರಿದು ಹಿರಿಯರನ್ನು ಕರೆಯಬೇಕಲ್ಲ, ಮಿಸ್ಟರ್ ಅಂಗಡಿ. ನಿಮ್ಮ ಹಿರಿಯರಿಗೆ ಏನು ಕೊಡುತ್ತೀರಿ?"

ನಮ್ಮ ಹಿರಿಯರು ಹೋಳಿಗೆಗೆ ಬರುತ್ತಾರೆ ಎಂದೆ. ಅವರು ಅದನ್ನು ತೂಗಿ ನೋಡಿ, ಅದೂ ಸಭ್ಯವಾದ ಪದ್ಧತಿಯೇ ಎಂದು ತೀರ್ಪು ಕೊಟ್ಟರು.

ಫೆಬ್ರವರಿಯ ಒಂದು ಭಾನುವಾರ, ಚರ್ಚ್ ಮುಗಿದ ಮೇಲೆ ಬರಲಿ ಎಂದು ಎಸ್ತರ್ ಹೇಳಿಕಳಿಸಿದರು. ನಾನು ಬಾಟಲಿ ಹಿಡಿದು ಹೊರಟಾಗ ಶೈಲಾ ಬಾಗಿಲಲ್ಲಿ ನಿಂತು ನೋಡಿದಳು. "ಸೆರೆ ಬಾಟ್ಲಿ ಹಿಡಕೊಂಡು ಹೊಂಟೀರಿ, ನಿಮ್ಮವ್ವ ಇದ್ದಿದ್ರ ಎದಿ ಒಡಕೋತಿದ್ರು" ಎಂದವಳು, ಒಳಗೆ ಹೋಗಿ ಶೇಂಗಾ ಹೋಳಿಗೆಯ ಡಬ್ಬ ತಂದು ಬಾಟಲಿಯ ಪಕ್ಕ ಚೀಲದಲ್ಲಿಟ್ಟಳು. ಗ್ರೇಸ್ ಕೆಳಗೆ ಬಂದು ಅಪ್ಪನಿಗೆ ಮಫ್ಲರ್ ಸುತ್ತಿ ಕಾರಿನಲ್ಲಿ ಕೂರಿಸಿದಳು. ಅವಳು ಖುಷಿಯಾಗಿರಲು ಪ್ರಯತ್ನಿಸುತ್ತಿದ್ದಳು. "ಅಪ್ಪ ಸ್ಪೀಕರ್ ಆಗಿದ್ದಾಗ ರಾಷ್ಟ್ರಾಧ್ಯಕ್ಷರ ಕಾರು, ಮುಂದೆ ಬಾವುಟ ಇರುವ ಕಾರು, ಒಂದು ಬೆಳಗ್ಗೆ ನನ್ನನ್ನು ಶಾಲೆಗೆ ಬಿಟ್ಟಿತ್ತು ಗೊತ್ತಾ? ಇವತ್ತು ಅಪ್ಪನಿಗೆ ನಿಮ್ಮ ಟೊಯೋಟಾ" ಎಂದು ನನ್ನನ್ನು ಕಿಚಾಯಿಸಿದಳು. ಅವಳು ಈ ಬಾವುಟದ ಕಾರಿನ ಕತೆ ಹಿಂದೆಯೂ ಹೇಳಿದ್ದಳು. ಅವರು ಕಿಟಕಿಯ ಕಡೆ ನೋಡುತ್ತ ಕೂತಿದ್ದರು.

ಬ್ರಾಂಕ್ಸಿನ ಆ ಮನೆ ಹೀಟರಿನಿಂದ ಕಾದು ಹೋಗಿತ್ತು. ಎಸ್ತರ್ ಕುರ್ಚಿಯಲ್ಲಿ ಕೂತು, ಕಾಲ ಬಳಿ ಕೂತಿದ್ದ ಮೊಮ್ಮಗಳ ತಲೆಗೆ ಸಣ್ಣ ಸಣ್ಣ ಜಡೆ ಹೆಣೆಯುತ್ತಿದ್ದರು. ನಾವು ಬಂದಾಗ ತಲೆಯೆತ್ತಲಿಲ್ಲ. ಪಕ್ಕದಲ್ಲಿ ಅವರ ಸೋದರಳಿಯ ಸ್ಯಾಮ್ಯುಯೆಲ್ ನಿಂತಿದ್ದ. ಅವನೇ ಅವರ ಬಾಯಿ. ಅವನು ಒಂದು ಲೋಟದಲ್ಲಿ ನೀರು ತಂದು ಮೊದಲು ನನಗೆ ಕೊಟ್ಟ. ನಾನು ಹುಟ್ಟಿದಾಗಿನಿಂದ ಮಾಡಿದ ಹಾಗೆ, ಲೋಟ ಮೇಲೆತ್ತಿ ತುಟಿ ತಾಗಿಸದೆ ಗಂಟಲಿಗೆ ಸುರಿದುಕೊಂಡೆ. ಸ್ಯಾಮ್ಯುಯೆಲ್‌ನ ಮುಖ ಗಂಟಾಯಿತು. ಸ್ಪೀಕರ್ ಸಾಹೇಬರು ನನ್ನ ಕಿವಿಗೆ ಬಾಗಿ, "ಅವರ ಲೋಟ ನಿಮಗೆ ಹೇಸಿಗೆಯಾಯಿತು ಅಂದುಕೊಂಡರು. ಇದೇ ಲೋಟದಲ್ಲಿ ಎಲ್ಲರೂ ಕುಡಿಯಬೇಕು" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮಲ್ಲಿ ಎಂಜಲು ಮಾಡಬಾರದೆಂದು ಹೀಗೆ ಕುಡಿಯುವುದು, ನಿಮ್ಮ ಲೋಟಕ್ಕೆ ಮರ್ಯಾದೆ ಕೊಟ್ಟೆ ಎಂದು ತೊದಲಿದೆ. ಮತ್ತೆ ಲೋಟ ತೆಗೆದುಕೊಂಡು ತುಟಿಯಿಟ್ಟು ಕುಡಿದೆ. ಅವರಿಗೆ ದಾಟಿಸಿದೆ, ಅವರು ಕುಡಿದರು. ಸ್ಯಾಮ್ಯುಯೆಲ್ ಕುಡಿದ. ಎಸ್ತರ್ ಕುಡಿಯಲಿಲ್ಲ.

ಆಮೇಲೆ ಬಂದ ಕಾರಣ ಕೇಳಿದರು. ದಾರಿ ಚೆನ್ನಾಗಿತ್ತು ಎಂದೆ. ಬಾಟಲಿ ಮುಂದಿಟ್ಟೆ, ಹೋಳಿಗೆಯ ಡಬ್ಬವನ್ನು ಮೊಮ್ಮಗಳ ಕೈಗೆ ಕೊಟ್ಟೆ. ಕಲಿತದ್ದನ್ನು ಒಪ್ಪಿಸಿದೆ. ಇವರು ಆ ದಿನ ಕುರ್ಚಿಯಲ್ಲಿದ್ದರು, ಕುರ್ಚಿಯ ಪದ್ಧತಿ ಹೀಗಿತ್ತು, ಅದರಂತೆ ನಡೆದರು, ಅದರಿಂದ ನಿಮ್ಮ ಮನೆ ಕತ್ತಲಾಯಿತು, ಅದಕ್ಕೆ ತಲೆ ಬಾಗಿಸಿ ಬಂದಿದ್ದಾರೆ. ಸ್ಯಾಮ್ಯುಯೆಲ್ ಅದನ್ನೆಲ್ಲ ಅವರ ಭಾಷೆಯಲ್ಲಿ ಮತ್ತೆ ಹೇಳಿದ. ಒಂದೇ ಮಾತು ಸುತ್ತು ಹೊಡೆದು ಹೋಗುತ್ತಿತ್ತು, ಎರಡು ಮಾರು ದೂರದಲ್ಲಿ ಕೂತವರು ಅದು ತಮ್ಮ ಸರದಿಗೆ ಬರುವ ತನಕ ಕೇಳಿಸದವರಂತೆ ಕಾಯುತ್ತಿದ್ದರು. ಎಸ್ತರ್‌ರ ಬೆರಳುಗಳು ಮಾತ್ರ ಒಂದೇ ಸಮನೆ ಜಡೆ ಹೆಣೆಯುತ್ತಿದ್ದವು.

ಕೊನೆಗೆ ಅವರು ಏನೋ ಹೇಳಿದರು. ಸ್ಯಾಮ್ಯುಯೆಲ್ ನನ್ನ ಕಡೆ ತಿರುಗಿದ. "ಪದ್ಧತಿಯ ಕತೆ ಅವಳು ಎಲ್ಲರ ಬಾಯಲ್ಲೂ ಕೇಳಿದ್ದಾಳೆ. ಅವಳು ಕೇಳುವುದು ಒಂದೇ. ಅವತ್ತು ಅವನು ಕುರ್ಚಿಯಲ್ಲಿ ಇರದೆ, ಕೆಳಗೆ ಬೆಂಚಿನಲ್ಲಿ ಡೇನಿಯಲ್ ಪಕ್ಕದಲ್ಲಿ ಕೂತಿದ್ದರೆ, ಕೈ ಯಾವ ಕಡೆಗೆ ಎತ್ತುತ್ತಿದ್ದ?"

ಇದಕ್ಕೆ ನಾವು ಅಭ್ಯಾಸ ಮಾಡಿರಲಿಲ್ಲ. ನಾನು ಪ್ರಶ್ನೆಯನ್ನು ಅವರಿಗೆ ದಾಟಿಸಿ ಕಾದೆ. ಅವರು ಎದುರು ಕೂತಿದ್ದ ಆ ಮೊಮ್ಮಗಳನ್ನು ನೋಡಿದರು. ಆಮೇಲೆ ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಹೇಳಿದರು. ಹೇಳಿ ಮುಗಿಸಿ, "ಇದನ್ನು ನಯ ಮಾಡಬೇಡಿ" ಎಂದರು.

ಆ ಮಾತನ್ನು ಆಡಿದರೆ ಬಾಟಲಿಯನ್ನು ಅವರು ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಆಡದೆ ಬೇರೇನಾದರೂ ಹೇಳಬಹುದಿತ್ತು. ಆದರೆ ಅವರ ಕೈ ಇನ್ನೂ ನನ್ನ ತೋಳಿನ ಮೇಲಿತ್ತು. ಹೇಳಿದೆ.

"ಆ ದಿನ ಬೆಳಗ್ಗೆ ನನ್ನ ಮಗಳನ್ನು ಶಾಲೆಗೆ ಬಿಡಲು ರಾಷ್ಟ್ರಾಧ್ಯಕ್ಷರ ಮನೆಯಿಂದ ಕಾರು ಬಂದಿತ್ತು. ನಾನು ಕೇಳಿರಲಿಲ್ಲ. ಯಾರೂ ಏನೂ ಹೆದರಿಸಲಿಲ್ಲ. ಡ್ರೈವರ್ ಬಾಗಿಲು ತೆರೆದು ಸಲಾಂ ಮಾಡಿದ, ಮಗು ನಗುತ್ತ ಹತ್ತಿತು. ಸಂಜೆ ಅವಳು ಮನೆಗೆ ಬರುತ್ತಾಳೋ ಇಲ್ಲವೋ ಎಂದು ನಾನು ಇಡೀ ದಿನ ಕುರ್ಚಿಯಲ್ಲಿ ನಡುಗುತ್ತ ಕೂತಿದ್ದೆ. ಬೆಂಚಿನಲ್ಲಿದ್ದರೂ ನನ್ನ ಕೈ ಡೇನಿಯಲ್ ಕಡೆ ಏಳುತ್ತಿರಲಿಲ್ಲ. ಪದ್ಧತಿ ನನಗೆ ಆಮೇಲೆ ಸಿಕ್ಕಿತು. ಮೊದಲು ಭಯವೇ ಮತ ಹಾಕಿತ್ತು."

ಎಸ್ತರ್‌ರ ಕೈ ನಿಂತಿತು. ಅರ್ಧ ಹೆಣೆದ ಜಡೆ ಬೆರಳುಗಳ ನಡುವೆ ಹಾಗೇ ಇತ್ತು. ಆ ಹುಡುಗಿ ಏನಾಯಿತೆಂದು ಅಜ್ಜಿಯ ಮುಖ ನೋಡಲು ಕತ್ತು ತಿರುಗಿಸಿದಳು. ಸ್ಯಾಮ್ಯುಯೆಲ್ ಮತ್ತೆ ಹೇಳಲು ಬಾಯಿ ತೆರೆದ. ಬೇಡ ಎಂದು ಎಸ್ತರ್ ಕೈ ಮಾಡಿದರು. ಎಲ್ಲ ಕೇಳಿಸಿತ್ತು.

ಆಮೇಲೆ ಅವರು ಮೆಲ್ಲಗೆ ಮಾತನಾಡಿದರು. ಸ್ಯಾಮ್ಯುಯೆಲ್ ನನಗೆ ಹೇಳುವಾಗ ಅವನ ದನಿಯೂ ಇಳಿದಿತ್ತು. "ಅವಳಿಗೂ ಮಕ್ಕಳಿದ್ದರು. ಆ ಭಯ ಏನೆಂದು ಅವಳಿಗೆ ಗೊತ್ತು. ಆದರೆ ಕ್ಷಮಿಸಲು ಸತ್ತದ್ದು ಅವಳಲ್ಲ. ಕೇಳಬೇಕಾದ್ದು ಡೇನಿಯಲ್‌ನನ್ನು. ಅವನನ್ನು ಅವಳಿಗಿಂತ ಮೊದಲು ನೋಡುವವನು ಇವನೇ, ಮುಖ ನೋಡಿದರೆ ಗೊತ್ತಾಗುತ್ತದೆ. ಅಲ್ಲಿ ಹೋಗಿ ಕೇಳಿಕೊಳ್ಳಲಿ."

ಬಾಯಿಯಾದವನು ಎಲ್ಲವನ್ನೂ ದಾಟಿಸಬೇಕು. ನೀನು ಬೇಗ ಸಾಯುತ್ತೀ ಎಂಬ ಮಾತನ್ನು ನಾನು ಆ ಮನುಷ್ಯನ ಕಿವಿಯಲ್ಲಿ, ಅವರು ಒಮ್ಮೆ ಕೇಳಿಸಿಕೊಂಡಿದ್ದ ಮೇಲೂ, ಮತ್ತೆ ಹೇಳಿದೆ. ಅವರು ತಲೆಯಾಡಿಸಿದರು. ಸ್ಯಾಮ್ಯುಯೆಲ್ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ವಾಪಸ್ ಕೊಟ್ಟ. ಹೋಳಿಗೆಯ ಡಬ್ಬ ಮಾತ್ರ ಮೊಮ್ಮಗಳ ಮಡಿಲಲ್ಲಿ ಉಳಿಯಿತು.

ವಾಪಸ್ ಬರುವಾಗ ಸೇತುವೆಯ ಮೇಲೆ ಕಾರುಗಳು ಸಾಲುಗಟ್ಟಿದ್ದವು. ನಾನು ಸಾರಿ ಎಂದೆ. "ಯಾಕೆ? ನೀವು ಚೆನ್ನಾಗಿ ಮಾತನಾಡಿದಿರಿ" ಎಂದರು. ನದಿಯ ನಡುವಿಗೆ ಬಂದಾಗ ಅವರು ಅಳುತ್ತಿದ್ದರು. ನಾನು ರೇಡಿಯೋ ಹಾಕಲಿಲ್ಲ. ಗ್ರೇಸ್‌ಗೆ ಆ ಕಾರಿನ ನಿಜವನ್ನು ಅವರು ಹೇಳಿದರೋ ಇಲ್ಲವೋ ನಾನು ಕೇಳಿಲ್ಲ. ಅದಾದ ಮೇಲೆ ಅವಳು ಆ ಕತೆ ಹೇಳಿದ್ದನ್ನು ಕಾಣೆ.

ಮಾರ್ಚಿನಲ್ಲಿ, ಫುಟ್‌ಪಾತಿನ ಅಂಚಿನ ಕೊಳಕು ಹಿಮ ಕರಗುತ್ತಿದ್ದಾಗ, ಅವರು ಹೋದರು. ಶನಿವಾರ ಡಯಾಲಿಸಿಸ್ ಮುಗಿಸಿ ನಾನೇ ಮನೆಗೆ ಬಿಟ್ಟಿದ್ದೆ, ಟೈ ಸರಿಮಾಡಿಕೊಂಡು ಥ್ಯಾಂಕ್ಸ್ ಹೇಳಿದ್ದರು. ಭಾನುವಾರ ಬೆಳಗ್ಗೆ ಗ್ರೇಸ್ ಎಬ್ಬಿಸಲು ಹೋದಾಗ ಏಳಲಿಲ್ಲ. ಮಂಗಳವಾರ ಅಭ್ಯಾಸಬಲದಿಂದ ಕಾರಿನ ಕೀಲಿ ಹಿಡಿದು ಲಿಫ್ಟಿನ ತನಕ ಹೋದೆ. ಅಲ್ಲೇ ನಿಂತು ಸಣ್ಣ ಮಗುವಿನ ಹಾಗೆ ಅತ್ತೆ. ಕೆಲಸ ಹೋದಾಗ ನನಗೆ ಅಳು ಬಂದಿರಲಿಲ್ಲ.

ದೇಹವನ್ನು ಊರಿಗೆ ಕಳಿಸುವ ಮೊದಲು ನ್ಯೂವರ್ಕ್‌ನ ಚರ್ಚಿನ ಹಾಲಿನಲ್ಲಿ ಇಟ್ಟಿದ್ದರು. ನಾನು, ಶೈಲಾ, ಪೂಜಾ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಗ್ರೇಸ್ ಬಂದು ನನ್ನನ್ನು ಕೈಹಿಡಿದು ಮುಂದೆ ಕರೆದುಕೊಂಡು ಹೋಗಿ ಮನೆಯವರ ಸಾಲಿನಲ್ಲಿ ಕೂರಿಸಿದಳು. ಪೆಟ್ಟಿಗೆ ಮುಚ್ಚುವ ಮುಂಚೆ ಅವರಲ್ಲಿ ಒಂದು ಪದ್ಧತಿಯಿದೆ. ಹೋಗುವವರ ಕೈಯಲ್ಲಿ ಜನ ತಮ್ಮ ತಮ್ಮ ಸತ್ತವರಿಗೆ ಸುದ್ದಿ ಹೇಳಿಕಳಿಸುತ್ತಾರೆ. ಒಬ್ಬೊಬ್ಬರೇ ಹೋಗಿ ಬಾಗಿ, ನನ್ನ ತಾಯಿಗೆ ಹೀಗೆ ಹೇಳು, ನನ್ನ ಅಣ್ಣನಿಗೆ ಹೀಗೆ ಹೇಳು ಎಂದು ಮಾಮೂಲಿ ದನಿಯಲ್ಲಿ ಹೇಳಿ ಬರುತ್ತಿದ್ದರು.

ಅಷ್ಟರಲ್ಲಿ ಬಾಗಿಲ ಕಡೆ ಗುಸುಗುಸು ಎದ್ದಿತು. ಎಸ್ತರ್ ಬಂದಿದ್ದರು. ಸ್ಯಾಮ್ಯುಯೆಲ್‌ನ ತೋ‍ಳು ಹಿಡಿದು ಅರ್ಧ ದಾರಿ ಬಂದವರು, ಅಲ್ಲಿ ಅವನನ್ನು ಬಿಟ್ಟು ಒಬ್ಬರೇ ಮುಂದೆ ನಡೆದರು. ಹಾಲಿನ ತುಂಬ ಜನ, ಎಲ್ಲರಿಗೂ ಆ ಕತೆ ಗೊತ್ತು. ದಾರಿಯಲ್ಲಿದ್ದವರು ಪಕ್ಕಕ್ಕೆ ಸರಿದರು. ಅವರು ಪೆಟ್ಟಿಗೆಯ ಅಂಚು ಹಿಡಿದು ನಿಂತು, ತಮ್ಮ ಭಾಷೆಯಲ್ಲಿ, ತಮ್ಮದೇ ಬಾಯಿಂದ, ನೇರವಾಗಿ ಆ ಮುಖಕ್ಕೆ ಮಾತನಾಡಿದರು. ಗ್ರೇಸ್ ನನ್ನ ಪಕ್ಕದಲ್ಲಿ ಕೂತು ಒಂದೊಂದೇ ಮಾತನ್ನು ಬಿಕ್ಕುತ್ತ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

"ಜೋಸೆಫ್, ಡೇನಿಯಲ್‌ಗೆ ಹೇಳು. ದೊಡ್ಡವನ ಮನೆಯಲ್ಲಿ ಚೆನ್ನಾಗಿದ್ದೇನೆ. ಚಿಕ್ಕವನು ಅವನ ಹಾಗೇ ಜಾಸ್ತಿ ಮಾತನಾಡುತ್ತಾನೆ. ಊರಿನ ಮನೆಯ ಮಾವಿನ ಮರ ಬಿದ್ದುಹೋಯಿತು, ನಾನು ಕಡಿಸಿದ್ದಲ್ಲ, ಗಾಳಿಗೆ ಬಿತ್ತು ಎಂದು ಹೇಳು. ಮೊಮ್ಮಗಳಿಗೆ ಅವನ ಅಮ್ಮನ ಹೆಸರಿಟ್ಟಿದ್ದೇವೆ."

ಇಷ್ಟು ಹೇಳಿ, ಕೈಚಾಚಿ ಸ್ಪೀಕರ್ ಸಾಹೇಬರ ಟೈ ನೇರ ಮಾಡಿದರು.

"ಮೊದಲು ನಿನ್ನ ವಿಷಯ ಅವನ ಹತ್ತಿರ ಮಾತನಾಡಿ ಮುಗಿಸಿಕೋ" ಎಂದರು. "ನನ್ನದು ಆಮೇಲೆ ಹೇಳಿದರಾಯಿತು."